ಮೈ ತುಂಬಿದರೇ ಮಾನ

ಅರಬ್ ಯಾತ್ರಿಕ ಇಬ್ನ್ ಬತೂತನ ಹೆಸರು ಕನ್ನಡಿಗರಿಗೆ ಹೊಸದಲ್ಲ. 1340ರ ದಶಕದಲ್ಲಿ ಅವನು ನಮ್ಮ ಹೊನ್ನಾವರದಲ್ಲಿದ್ದ. ಅಲ್ಲಿನ ಸುಲ್ತಾನನ ಮನೆಯಲ್ಲಿ ಅನ್ನ, ತುಪ್ಪ, ಬಗೆಬಗೆಯ ಉಪ್ಪಿನಕಾಯಿ, ಕೊನೆಗೆ ಮೊಸರು ಎಂದು ಸಾಲಾಗಿ ಬಡಿಸುತ್ತಿದ್ದ ಊಟವನ್ನು ಅವನು ಸವಿವರವಾಗಿ ಬರೆದಿಟ್ಟಿದ್ದಾನೆ. ತಿಂಗಳುಗಟ್ಟಲೆ ರೊಟ್ಟಿಯ ಮುಖ ಕಾಣದೆ ಅನ್ನವನ್ನೇ ಉಂಡುದನ್ನೂ ಹೇಳಿದ್ದಾನೆ. ಅದೇ ಯಾತ್ರಿಕ ಸುಮಾರು ಹತ್ತು ವರ್ಷಗಳ ಬಳಿಕ, 1353ರಲ್ಲಿ, ಸಹಾರಾ ಮರುಭೂಮಿಯ ದಾರಿಯಲ್ಲಿ ಬರ್ದಾಮ ಎಂಬ ಅಲೆಮಾರಿ ಕುಲದವರ ಬೀಡುಗಳನ್ನು ಹಾದುಹೋದ. ಅಲ್ಲಿನ ಹೆಂಗಸರಷ್ಟು ದಪ್ಪನೆಯವರನ್ನು ಆ ಸೀಮೆಯಲ್ಲೆಲ್ಲೂ ಕಂಡಿಲ್ಲವೆಂದು ಬರೆದ. ಇದು ಮೂದಲಿಕೆಯಲ್ಲ, ಮೆಚ್ಚುಗೆಯ ಮಾತು. ಅವರನ್ನು ಅವನು ಚೆಲುವೆಯರ ಸಾಲಿನಲ್ಲೇ ಸೇರಿಸಿದ್ದಾನೆ. ಅವರ ಆಹಾರವನ್ನೂ ಗುರುತು ಹಾಕಿಕೊಂಡಿದ್ದಾನೆ: ಹಸುವಿನ ಹಾಲು, ಮತ್ತು ಕುಟ್ಟಿದ ಧಾನ್ಯವನ್ನು ಬೇಯಿಸದೆ ನೀರಿನಲ್ಲಿ ಕದಡಿ ಬೆಳಿಗ್ಗೆ ಸಂಜೆ ಕುಡಿಯುವುದು.

ಇಬ್ನ್ ಬತೂತ ಕಂಡ ಆ ಚೆಲುವಿನ ಅಳತೆಗೋಲು ಆರೂವರೆ ಶತಮಾನ ಕಳೆದರೂ ಮುರಿದುಬಿದ್ದಿಲ್ಲ. ಪಶ್ಚಿಮ ಆಫ್ರಿಕದ ಮಾರಿಟೇನಿಯ, ಮಾಲಿ, ನೈಜರ್ ದೇಶಗಳ ಮರಳುಗಾಡಿನಲ್ಲಿ ಅರಬ್ಬಿ ಆಡುವ ಅಲೆಮಾರಿ ಮೂಲದ ಜನರಲ್ಲಿ ದಪ್ಪ ಮೈಯೇ ಹೆಣ್ಣಿನ ಸೊಬಗು, ತಂದೆಯ ಮಾನ, ಗಂಡನ ಮರ್ಯಾದೆ. ಸೊಂಟದ ಮಡಿಕೆಗಳು, ತೋಳಿನ ಚರ್ಮ ಹಿಗ್ಗಿ ಮೂಡಿದ ಗೆರೆಗಳು ಇಲ್ಲಿ ಮುಚ್ಚಿಡುವ ಸಂಗತಿಗಳಲ್ಲ, ಹೊಗಳಿಸಿಕೊಳ್ಳುವ ಲಕ್ಷಣಗಳು. ಮಂಚದಲ್ಲಿ ಹೆಣ್ಣು ಹಿಡಿಯುವಷ್ಟೇ ಜಾಗವನ್ನು ಗಂಡನ ಎದೆಯಲ್ಲೂ ಹಿಡಿಯುತ್ತಾಳೆ ಎಂಬ ಅರ್ಥದ ಗಾದೆಯೇ ಮಾರಿಟೇನಿಯದಲ್ಲಿ ಇದೆ.

ತೂಕ ಇಳಿಸುವ ಚಿಂತೆಯಲ್ಲಿ ಮುಳುಗಿರುವ ಇಂದಿನ ನಗರವಾಸಿಗೆ ಇದು ವಿಚಿತ್ರವೆನಿಸಬಹುದು. ಆದರೆ ವಿಚಿತ್ರವೆಂದು ನಕ್ಕು ಮುಂದೆ ಹೋಗುವಂತಿಲ್ಲ. ಏಕೆಂದರೆ ಈ ಮೆಚ್ಚುಗೆಯ ಬೆಲೆಯನ್ನು ತೆತ್ತವರು ಆರೇಳು ವರ್ಷದ ಹುಡುಗಿಯರು.

ಹಾಲಿನ ಬಟ್ಟಲು, ಕಾಲ್ಬೆರಳಿನ ಕೋಲು

ಮಾರಿಟೇನಿಯದಲ್ಲಿ ಈ ಪದ್ಧತಿಗೆ ಲೆಬ್ಲೂಹ್ ಎಂದು ಹೆಸರು. ದೇಶವನ್ನು 1960ರವರೆಗೆ ಆಳಿದ ಫ್ರೆಂಚರು ಇದನ್ನು ಗವಾಜ್ ಎಂದು ಕರೆದರು. ಬಾತುಕೋಳಿಯ ಗಂಟಲಿಗೆ ಕೊಳವೆ ಇಳಿಸಿ ಕಾಳು ತುಂಬಿ ಅದರ ಪಿತ್ತಜನಕಾಂಗವನ್ನು ಕೊಬ್ಬಿಸುವ ಕೆಲಸಕ್ಕೆ ಫ್ರೆಂಚ್ ಭಾಷೆಯಲ್ಲಿರುವ ಹೆಸರೂ ಅದೇ. ಹೋಲಿಕೆ ಕ್ರೂರವಾದರೂ ಪೂರ್ತಿ ಸುಳ್ಳಲ್ಲ.

ಮಳೆ ಬಿದ್ದು ಹುಲ್ಲು ಚಿಗುರಿ ಒಂಟೆ, ಹಸುಗಳ ಕೆಚ್ಚಲು ತುಂಬಿದ ಕಾಲವೇ ಇದಕ್ಕೆ ಹದವಾದ ಕಾಲ. ಹುಡುಗಿಯನ್ನು ಅಜ್ಜಿಯ ಇಲ್ಲವೇ ಚಿಕ್ಕಮ್ಮನ ವಶಕ್ಕೆ ಒಪ್ಪಿಸುತ್ತಾರೆ. ಈ ಕೆಲಸವನ್ನೇ ಕಸುಬಾಗಿಸಿಕೊಂಡ ಹೆಂಗಸರೂ ಉಂಟು. ಬೆಳಗಿನ ಜಾವಕ್ಕೇ ಎಬ್ಬಿಸಿ ದೊಡ್ಡ ಮರದ ಬಟ್ಟಲಿನ ಹಾಲು ಕುಡಿಸುವುದರಿಂದ ದಿನ ಮೊದಲಾಗುತ್ತದೆ. ಬಳಿಕ ಬೆಣ್ಣೆ ಕಲಸಿದ ಸಜ್ಜೆಯ ಹಿಟ್ಟು, ಮತ್ತೆ ಹಾಲು, ಮತ್ತೆ ಹಿಟ್ಟು. ನಡುರಾತ್ರಿಯಲ್ಲೂ ಎಬ್ಬಿಸಿ ಕುಡಿಸುವುದುಂಟು. ಒಬ್ಬ ಹುಡುಗಿಗೆ ದಿನಕ್ಕೆ 20 ಲೀಟರಿನವರೆಗೆ ಒಂಟೆಯ ಹಾಲು, ಎರಡು ಕಿಲೋ ಹಿಟ್ಟು ತಿನ್ನಿಸಿದ ವರದಿಗಳು ಬಂದಿವೆ. ಬೆಳೆದ ಗಂಡಾಳು ಮೂರು ನಾಲ್ಕು ದಿನ ತಿನ್ನಬಹುದಾದುದಕ್ಕಿಂತ ಇದು ಹೆಚ್ಚು.

ಮಗುವಿನ ಹೊಟ್ಟೆ ಒಪ್ಪದಿದ್ದಾಗ ಬಲವಂತ ಮೊದಲಾಗುತ್ತದೆ. ಕಾಲ್ಬೆರಳನ್ನು ಎರಡು ಕೋಲುಗಳ ನಡುವೆ ಸಿಕ್ಕಿಸಿ ಹಿಸುಕುವುದು ಹಳೆಯ ಉಪಾಯ. ಕಾಲಿನ ನೋವಿನಲ್ಲಿ ಹೊಟ್ಟೆಯ ಸಂಕಟ ಮರೆತುಹೋಗಲಿ ಎಂಬುದು ಅದರ ಹಿಂದಿನ ತರ್ಕ. ವಾಂತಿಯಾದರೆ ಅದನ್ನೇ ಮತ್ತೆ ಕುಡಿಸಿದ್ದನ್ನು ಅನುಭವಿಸಿದವರೇ ಹೇಳಿದ್ದಾರೆ. ಮಾರಿಟೇನಿಯ ಸರ್ಕಾರ 2000-01ರಲ್ಲಿ ನಡೆಸಿದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರು ತಮಗೆ ಬಾಲ್ಯದಲ್ಲಿ ಹೀಗೆ ತಿನ್ನಿಸಿದ್ದರೆಂದು ತಿಳಿಸಿದ್ದರು. ಆ ಸಮೀಕ್ಷೆಯ ಅಂಕಿಗಳನ್ನು ಆಧರಿಸಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಹಾಗೆ ತಿಂದವರಲ್ಲಿ ಶೇಕಡಾ 61ರಷ್ಟು ಮಂದಿ ಪೆಟ್ಟು ತಿಂದಿದ್ದರು. ಶೇಕಡಾ 29ರಷ್ಟು ಮಂದಿಯ ಬೆರಳು ಮುರಿದಿತ್ತು.

ಇದನ್ನು ಮಾಡುತ್ತಿದ್ದವರು ಆ ಹುಡುಗಿಯರ ಶತ್ರುಗಳಲ್ಲ, ಹೆತ್ತವರು ಮತ್ತು ಅಜ್ಜಿಯರು. ಮಗಳಿಗೆ ಒಳ್ಳೆಯ ಕಡೆ ಸಂಬಂಧ ಕೂಡಿಬರಲಿ ಎಂಬ ಆಸೆಯಿಂದಲೇ, ತಾವೂ ಹೀಗೇ ಬೆಳೆದೆವೆಂಬ ನೆನಪಿನಿಂದಲೇ ಅವರು ಬಟ್ಟಲನ್ನು ಮುಂದೆ ಹಿಡಿದರು. ಪದ್ಧತಿಯೊಂದು ಪ್ರೀತಿಯ ಹೆಸರಿನಲ್ಲಿ ನಡೆದಾಗ ಅದನ್ನು ತಡೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಇದೊಂದು ನಿದರ್ಶನ.

ಹಸಿವಿನ ಲೆಕ್ಕ ಸಾಲದು

ದಪ್ಪವನ್ನು ಮೆಚ್ಚುವ ಜನ ಸಹಾರಾದಲ್ಲಿ ಮಾತ್ರ ಇಲ್ಲ. ಅಮೆರಿಕದ ಮಾನವಶಾಸ್ತ್ರಜ್ಞರಾದ ಪೀಟರ್ ಬ್ರೌನ್ ಮತ್ತು ಮೆಲ್ವಿನ್ ಕಾನರ್ 1987ರಲ್ಲಿ ಪ್ರಪಂಚದ ನಾನಾ ಸಮಾಜಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಮಾಹಿತಿ ಸಿಕ್ಕ ಸಮಾಜಗಳಲ್ಲಿ ಐದರಲ್ಲಿ ನಾಲ್ಕರಷ್ಟು ಮೈ ತುಂಬಿಕೊಂಡ ಹೆಣ್ಣನ್ನೇ ಚೆಲುವೆ ಎಂದು ಎಣಿಸುತ್ತಿದ್ದವು. ತೆಳುವಾದ ಮೈಯನ್ನು ಬಯಸುವ ಇಂದಿನ ಪಾಶ್ಚಾತ್ಯ ರುಚಿಯೇ ಮನುಷ್ಯಕುಲದ ದೃಷ್ಟಿಯಿಂದ ಅಪವಾದ ಎನ್ನಬೇಕಾಗುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಕಾರಣ ಬರಗಾಲ. ಅನ್ನ ದುರ್ಲಭವಾದ ಕಡೆ ಕೊಬ್ಬು ಎಂದರೆ ಕೂಡಿಟ್ಟ ಧನ. ಅನ್ನ ಅಗ್ಗವಾದ ಕಡೆ ಅದು ಹೊರೆ. ಈ ಮಾತಿನಲ್ಲಿ ಹುರುಳಿದೆ. ಬ್ರಿಟನ್ನಿನಲ್ಲಿ ವೀರೇನ್ ಸ್ವಾಮಿ ಮತ್ತು ಮಾರ್ಟಿನ್ ಟೋವಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. ಊಟದ ಶಾಲೆಗೆ ಹೋಗುತ್ತಿದ್ದ ಹಸಿದ ಯುವಕರಿಗೂ ಉಂಡು ಹೊರಬರುತ್ತಿದ್ದವರಿಗೂ ಒಂದೇ ಬಗೆಯ ಚಿತ್ರಗಳನ್ನು ತೋರಿಸಿದಾಗ, ಹಸಿದವರು ತುಸು ದಪ್ಪನೆಯ ಹೆಂಗಸರಿಗೆ ಹೆಚ್ಚು ಅಂಕ ಕೊಟ್ಟರು. ಹೊಟ್ಟೆ ಕಣ್ಣಿಗೂ ಪಾಠ ಹೇಳುತ್ತದೆ.

ಆದರೂ ಹಸಿವಿನ ಲೆಕ್ಕವೊಂದೇ ಸಾಲದು. ಬರಗಾಲವೇ ಕಾರಣವಾಗಿದ್ದರೆ ಗಂಡಸರನ್ನೂ ಕೊಬ್ಬಿಸಬೇಕಿತ್ತು. ಸಹಾರಾದ ಗಂಡಸು ಮಾತ್ರ ಕಡ್ಡಿಯಂತೆ ಒಣಗಿ, ಚುರುಕಾಗಿ ಇರಬೇಕು. ಅಮೆರಿಕದ ಮಾನವಶಾಸ್ತ್ರಜ್ಞೆ ರೆಬೆಕಾ ಪೊಪೆನೊ ನೈಜರ್ ದೇಶದ ಅಜವಾಗ್ ಅರಬರ ನಡುವೆ ಬಾಳಿ, 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಒಗಟನ್ನೇ ಬಿಡಿಸಲು ನೋಡಿದ್ದಾರೆ. ಅಲ್ಲಿ ಹುಡುಗಿಯ ಮೊದಲ ಹಾಲುಹಲ್ಲುಗಳು ಬಿದ್ದಾಗ ಕೊಬ್ಬಿಸುವ ಕೆಲಸ ಆರಂಭವಾಗುತ್ತದೆ. ಆ ಜನರ ನಂಬಿಕೆಯಂತೆ ಗಂಡಿನ ಮೈ ಉಷ್ಣ, ಹೆಣ್ಣಿನ ಮೈ ತಂಪು. ಆಹಾರಗಳಲ್ಲೂ ಉಷ್ಣ, ತಂಪು ಎಂಬ ಭೇದವಿದೆ. ಗಂಡು ಬಯಲಿನಲ್ಲಿ ಅಲೆಯುವವನು, ಹೆಣ್ಣು ಡೇರೆಯ ನಡುವೆ ನೆಲೆಯಾಗಿ ಕೂರುವವಳು. ಅವಳ ಮೈ ತುಂಬಿದಷ್ಟೂ, ನಡೆ ನಿಧಾನವಾದಷ್ಟೂ ಅವಳು ಹೆಚ್ಚು ಹೆಣ್ಣಾದಳೆಂದು ಲೆಕ್ಕ. ಪಪಾಯ ಉಷ್ಣ, ಮಜ್ಜಿಗೆ ತಂಪು ಎನ್ನುತ್ತ ಬಾಣಂತಿಯ ಪಥ್ಯ ನೋಡುವ ನಮ್ಮ ಅಜ್ಜಿಯರಿಗೆ ಈ ಮಾತಿನ ಜಾಡು ಸುಲಭವಾಗಿ ಹಿಡಿದೀತು.

ಇನ್ನೊಂದು ಅರ್ಥವನ್ನೂ ಪೊಪೆನೊ ಗುರುತಿಸುತ್ತಾರೆ. ಮರಳುಗಾಡಿನಲ್ಲಿ ಹಣವನ್ನು ಹೂಡಲು ಹೊಲವಿಲ್ಲ, ಮಹಡಿ ಮನೆಯಿಲ್ಲ. ಗಂಡಸಿನ ಆಸ್ತಿಯಾದ ಹಿಂಡಿನ ಹಾಲು, ವ್ಯಾಪಾರದಿಂದ ಬಂದ ಧಾನ್ಯ ಎರಡೂ ಹೆಣ್ಣಿನ ಮೈಯಲ್ಲಿ ಸೇರಿ ಎಲ್ಲರ ಕಣ್ಣಿಗೆ ಕಾಣುವ ಸಂಪತ್ತಾಗುತ್ತವೆ. ನಮ್ಮಲ್ಲಿ ಮನೆತನದ ಸ್ಥಿತಿ ಹೆಣ್ಣಿನ ಕೊರಳಿನ ಚಿನ್ನದಲ್ಲಿ ಕಾಣುವ ಹಾಗೆ, ಅಲ್ಲಿ ತೋಳಿನ ದಪ್ಪದಲ್ಲಿ ಕಾಣುತ್ತದೆ.

ಕುಟ್ಟುವವಳು ಯಾರು?

ಈ ಚೆಲುವಿನ ಚಿತ್ರದಲ್ಲಿ ಕಣ್ಣಿಗೆ ಬೀಳದೆ ಉಳಿಯುವ ಇನ್ನೊಬ್ಬಳಿದ್ದಾಳೆ. ದಿನವಿಡೀ ಕುಳಿತು ತಿನ್ನುವವಳಿಗಾಗಿ ಸಜ್ಜೆ ಕುಟ್ಟಿದವಳು ಯಾರು? ನೀರು ಹೊತ್ತವಳು, ಹಾಲು ಕರೆದವಳು ಯಾರು? ಬಹುಮಟ್ಟಿಗೆ ಗುಲಾಮ ಹೆಂಗಸರು. ಮಾರಿಟೇನಿಯ ಗುಲಾಮಗಿರಿಯನ್ನು ಕಾನೂನಿನಿಂದ ರದ್ದುಪಡಿಸಿದ್ದು 1981ರಲ್ಲಿ, ಜಗತ್ತಿನಲ್ಲೇ ಎಲ್ಲಕ್ಕಿಂತ ತಡವಾಗಿ. ಅದನ್ನು ಶಿಕ್ಷಾರ್ಹ ಅಪರಾಧವೆಂದು ಘೋಷಿಸಲು 2007 ಬರಬೇಕಾಯಿತು. ಒಡತಿಯ ದಪ್ಪ ಮೈ ಅವಳು ದುಡಿಯಬೇಕಿಲ್ಲ ಎಂಬುದರ ಸಾಕ್ಷಿ. ದಾಸಿಯ ಒಣಗಿದ ಮೈ ಅವಳು ದುಡಿಯಲೇಬೇಕು ಎಂಬುದರ ಸಾಕ್ಷಿ. ಒಂದು ಮೈ ಇನ್ನೊಂದರ ಬೆವರಿನಿಂದ ತುಂಬುತ್ತಿತ್ತು. ದಪ್ಪವೆಂದರೆ ಚೆಲುವು ಮಾತ್ರವಲ್ಲ, ಕುಲೀನತೆಯ ಗುರುತು ಕೂಡ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಸಜ್ಜೆಯೂ ನಮಗೆ ಪರಕೀಯವಲ್ಲ. ಉತ್ತರ ಕರ್ನಾಟಕದ ರೊಟ್ಟಿಯ ಸಜ್ಜೆ ಮೂಲತಃ ಸಹಾರಾದ ಅಂಚಿನಲ್ಲಿ ಬೇಸಾಯಕ್ಕೆ ಒಗ್ಗಿ, ಸಾವಿರಾರು ವರ್ಷಗಳ ಹಿಂದೆಯೇ ಭಾರತಕ್ಕೆ ಬಂದ ಧಾನ್ಯ.

ತಿನ್ನುವುದು ಸುಖವಲ್ಲ, ಕೆಲಸ

ದಪ್ಪವನ್ನು ಮೆಚ್ಚುವವರು ಹೊಟ್ಟೆಬಾಕತನವನ್ನೂ ಮೆಚ್ಚುತ್ತಾರೆಂದು ಭಾವಿಸಿದರೆ ತಪ್ಪಾಗುತ್ತದೆ. ಸಹಾರಾದ ಹೆಣ್ಣಿಗೆ ತಿನ್ನುವುದು ನಾಲಗೆಯ ಚಪಲವಲ್ಲ. ರುಚಿಯಿಲ್ಲದ ಅದೇ ಹಿಟ್ಟು, ಅದೇ ಹಾಲನ್ನು ಹೊಟ್ಟೆ ತುಂಬಿದ ಮೇಲೂ ನುಂಗುವುದು ಒಂದು ವ್ರತದ ಹಾಗೆ, ಕಸುಬಿನ ಹಾಗೆ. ಆಸೆಬುರುಕತನಕ್ಕೆ ಅಲ್ಲೂ ಮರ್ಯಾದೆಯಿಲ್ಲ. ಗಂಡಸರು ಹೆಂಗಸರು ಬೇರೆ ಬೇರೆ ಕೂತು ಉಣ್ಣುತ್ತಾರೆ. ನಮ್ಮಲ್ಲಿ ಉಪವಾಸ ಮಾಡಿ ಮೈ ಇಳಿಸಿದವಳನ್ನು ಮನೋನಿಗ್ರಹದವಳೆಂದು ಹೊಗಳಿದರೆ, ಅಲ್ಲಿ ಬಟ್ಟಲು ಬರಿದು ಮಾಡಿ ಮೈ ಬೆಳೆಸಿದವಳಿಗೆ ಆ ಹೊಗಳಿಕೆ. ಎರಡು ಕಡೆಯೂ ಹೆಣ್ಣು ತನ್ನ ಹೊಟ್ಟೆಯ ಮಾತನ್ನು ಕೇಳುವಂತಿಲ್ಲ ಎಂಬುದಷ್ಟೇ ಸಮಾನ.

ಎಲ್ಲ ಕಡೆ ಇದು ಬಾಲ್ಯದ ಹಿಂಸೆಯ ರೂಪವನ್ನೇ ತಾಳಿಲ್ಲ. ನೈಜೀರಿಯದ ಕ್ಯಾಲಬಾರ್ ಪಟ್ಟಣದ ಎಫಿಕ್ ಜನರಲ್ಲಿ ಮದುವೆಗೆ ಮುನ್ನ ಹುಡುಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಿ, ಒಳ್ಳೆಯ ಊಟ ಹಾಕಿ, ಮೈ ತಿಕ್ಕಿ, ಸಂಸಾರದ ಪಾಠ ಹೇಳಿಕೊಡುವ ಪದ್ಧತಿಯಿತ್ತು. ಹಿಂದೆ ತಿಂಗಳುಗಟ್ಟಲೆ ನಡೆಯುತ್ತಿದ್ದುದು ಈಚೆಗೆ ಕೆಲವೇ ದಿನಗಳಿಗೆ, ಕೆಲವೆಡೆ ಬರಿಯ ಶಾಸ್ತ್ರಕ್ಕೆ ಇಳಿದಿದೆ. ಇಥಿಯೋಪಿಯದ ಓಮೋ ಕಣಿವೆಯ ಬೋಡಿ ಜನರಲ್ಲಂತೂ ಕೊಬ್ಬುವವರು ಗಂಡಸರು. ಕಾಯೆಲ್ ಎಂಬ ಹೊಸವರ್ಷದ ಹಬ್ಬಕ್ಕಾಗಿ ಕುಲಕ್ಕೊಬ್ಬ ಯುವಕ ತಿಂಗಳುಗಟ್ಟಲೆ ಗುಡಿಸಲಿನಲ್ಲೇ ಕುಳಿತು ಹಾಲು ಮತ್ತು ದನದ ರಕ್ತ ಕುಡಿದು ಹೊಟ್ಟೆ ಬೆಳೆಸುತ್ತಾನೆ. ದನವನ್ನು ಕೊಲ್ಲುವುದಿಲ್ಲ, ಕತ್ತಿನ ನರಕ್ಕೆ ಚುಚ್ಚಿ ರಕ್ತ ಹಿಡಿಯುತ್ತಾರೆ. ಎಲ್ಲರಿಗಿಂತ ದಪ್ಪನಾದವನಿಗೆ ಸಿಗುವುದು ಹಣವಲ್ಲ, ಬಾಳಿಡೀ ಉಳಿಯುವ ಹೆಸರು. ಹಬ್ಬ ಮುಗಿದ ಕೆಲವೇ ವಾರಗಳಲ್ಲಿ ಅವನ ಹೊಟ್ಟೆ ಕರಗಿ ಹೋಗುತ್ತದೆ. ಅದರಿಂದ ಅವನ ಮಾನವೇನೂ ಕರಗುವುದಿಲ್ಲ.

ಸೊರಗಿದರೆ ಯಾರ ತಪ್ಪು?

ಹೆಣ್ಣಿನ ಪಾಡು ಹಾಗಲ್ಲ. ಸಹಾರಾದಲ್ಲಿ ಹೆಣ್ಣು ಇಳಿದುಹೋದರೆ ಜನ ಕೇಳುವ ಪ್ರಶ್ನೆ ಎರಡೇ: ಕಾಯಿಲೆಯೇ, ಬಡತನವೇ? ತಂದೆಗೆ ಹಾಲಿಲ್ಲವೋ, ಗಂಡನಿಗೆ ಅಕ್ಕರೆಯಿಲ್ಲವೋ ಎಂದು ಬೀಡೆಲ್ಲ ಆಡಿಕೊಳ್ಳುತ್ತದೆ. ತೆಳುಮೈ ಅವಳೊಬ್ಬಳ ಸಂಗತಿಯಾಗಿ ಉಳಿಯುವುದಿಲ್ಲ.

ಈ ಭಾವನೆಯನ್ನು ಹಾರ್ವರ್ಡ್‌ನ ಆನ್ ಬೆಕರ್ ಅವರು ಪೆಸಿಫಿಕ್ ಸಾಗರದ ಫಿಜಿ ದ್ವೀಪಗಳ ಮೂಲನಿವಾಸಿಗಳಲ್ಲಿ ಆಳವಾಗಿ ಅಭ್ಯಾಸ ಮಾಡಿದರು. 1995ರಲ್ಲಿ ಪ್ರಕಟವಾದ ಅವರ ಗ್ರಂಥದ ಸಾರಾಂಶ ಇಷ್ಟು: ಫಿಜಿಯ ಹಳ್ಳಿಗರ ದೃಷ್ಟಿಯಲ್ಲಿ ಮೈ ಎಂಬುದು ಅದನ್ನು ಹೊತ್ತವನ ಸ್ವಂತ ಸೊತ್ತಲ್ಲ; ಅನ್ನವಿಟ್ಟು ಬೆಳೆಸಿದ ಬಂಧುಬಳಗದ ಕೈಕೆಲಸ. ಒಬ್ಬನು ದುಂಡಗಿದ್ದರೆ ಅವನ ಬಳಗ ಅವನನ್ನು ಚೆನ್ನಾಗಿ ನೋಡಿಕೊಂಡಿದೆ ಎಂದರ್ಥ. ಸೊರಗಿದರೆ ಬಳಗಕ್ಕೇ ಅಪಕೀರ್ತಿ. ಹಸಿವು ಕಟ್ಟುವುದಕ್ಕೆ ಮದಾಕೆ ಎಂಬ ಕಾಯಿಲೆಯ ಹೆಸರನ್ನೇ ಇಟ್ಟು ಅದಕ್ಕೆ ಗಿಡಮೂಲಿಕೆಯ ಮದ್ದು ಮಾಡುತ್ತಿದ್ದರು. ಗಂಡನ ಮನೆಯಿಂದ ಬಂದ ಮಗಳನ್ನು ಹೊಸ್ತಿಲಲ್ಲೇ ತಡೆದು 'ಎಷ್ಟು ಇಳಿದುಹೋಗಿದ್ದೀಯೇ' ಎಂದು ಕಣ್ಣಲ್ಲಿ ನೀರು ತರುವ ತಾಯಂದಿರ ನಾಡಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಫ್ರಿಕದಲ್ಲಿ ತೆಳುಮೈಯ ಭಯಕ್ಕೆ 1980ರ ದಶಕದಲ್ಲಿ ಇನ್ನೊಂದು ಕಾರಣ ಸೇರಿತು. ಉಗಾಂಡದಲ್ಲಿ ಏಡ್ಸ್ ಹಬ್ಬಿದಾಗ ರೋಗಿಗಳು ಕಡ್ಡಿಯಂತೆ ಸೊರಗುವುದನ್ನು ಕಂಡು ಜನ ಅದನ್ನು 'ಸ್ಲಿಮ್' ಎಂದೇ ಕರೆದರು. 1985ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಆ ಹೆಸರಿನಿಂದಲೇ ವರದಿ ಬಂತು. ತೂಕ ಕಳೆದುಕೊಂಡವರನ್ನು ನೆರೆಹೊರೆ ಸಂಶಯದಿಂದ ನೋಡತೊಡಗಿತು. ವೈದ್ಯರು ತೂಕ ಇಳಿಸಿಕೊಳ್ಳಿ ಎಂದು ಹೇಳಿದರೂ ಕೇಳಲು ಜನ ಹಿಂಜರಿದುದರಲ್ಲಿ ಆಶ್ಚರ್ಯವಿಲ್ಲ.

ಹಾಲಿನ ಜಾಗಕ್ಕೆ ಗುಳಿಗೆ

1970 ಮತ್ತು 80ರ ದಶಕಗಳ ಭೀಕರ ಬರಗಾಲಗಳು ಸಹಾರಾದ ಹಿಂಡುಗಳನ್ನು ಅಳಿಸಿಹಾಕಿದವು. ಅಲೆಮಾರಿಗಳು ಡೇರೆ ಕಿತ್ತು ಮಾರಿಟೇನಿಯದ ರಾಜಧಾನಿ ನುವಾಕ್‌ಶಾಟ್‌ನ ಅಂಚಿಗೆ ಬಂದು ಸೇರಿದರು. ಹಾಲು ಹೋಯಿತು, ಹಾಲಿನ ಮೆಚ್ಚುಗೆ ಹೋಗಲಿಲ್ಲ. ಪೇಟೆಯಲ್ಲಿ ಹಾಲಿನ ಬಟ್ಟಲಿನ ಜಾಗಕ್ಕೆ ಗುಳಿಗೆ ಬಂತು. ಉಬ್ಬಸ, ಸಂಧಿವಾತಗಳಿಗೆ ವೈದ್ಯರು ಎಚ್ಚರದಿಂದ ಕೊಡುವ ಕಾರ್ಟಿಸೋನ್ ಜಾತಿಯ ಸ್ಟೀರಾಯ್ಡ್‌ಗಳು, ಹಸಿವು ಹೆಚ್ಚಿಸುವ ಔಷಧಗಳು, ಕೊನೆಗೆ ದನಗಳನ್ನು ಕೊಬ್ಬಿಸುವ ಮದ್ದುಗಳು ಕೂಡ ಸಂತೆಯಲ್ಲಿ ಬಿಕರಿಯಾದವು.

ಹಾಲಿಗಿಂತ ಇದು ಹೆಚ್ಚು ಅಪಾಯಕರ. ಸ್ಟೀರಾಯ್ಡ್ ಅತಿಯಾದಾಗ ಮುಖ ಊದಿ, ಹೊಟ್ಟೆ ಬೆನ್ನುಗಳಲ್ಲಿ ಕೊಬ್ಬು ಸೇರುತ್ತದೆ. ಕೈಕಾಲಿನ ಸ್ನಾಯು ಮಾತ್ರ ಕರಗುತ್ತದೆ. ರಕ್ತದ ಸಕ್ಕರೆ ಮತ್ತು ಒತ್ತಡ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ. ಮೈ ತನ್ನ ಹಾರ್ಮೋನನ್ನು ತಾನೇ ತಯಾರಿಸುವುದನ್ನು ನಿಲ್ಲಿಸುವುದರಿಂದ ಗುಳಿಗೆಯನ್ನು ಥಟ್ಟನೆ ಬಿಟ್ಟರೂ ಪ್ರಾಣಕ್ಕೆ ಕುತ್ತು. ತೂಕ ಮುಟ್ಟಬೇಕಾದ ಗುರಿ ಮುಟ್ಟಿದರೂ ಅದು ಆರೋಗ್ಯದ ತೂಕವಲ್ಲ.

ಹಳೆಯ ಹಾಲಿನ ಪದ್ಧತಿಯೂ ನಿರಪಾಯಕಾರಿಯೇನಲ್ಲ. ಬೇಗ ಮೈ ಬೆಳೆದ ಹುಡುಗಿ ದೊಡ್ಡವಳಂತೆ ಕಾಣುತ್ತಾಳೆ. ದೊಡ್ಡವಳಂತೆ ಕಂಡವಳಿಗೆ ಬೇಗ ಮದುವೆ. ಮುಂದೆ ಸಕ್ಕರೆ ಕಾಯಿಲೆ, ಹೃದ್ರೋಗ, ಮಂಡಿನೋವು, ಹೆರಿಗೆಯ ತೊಂದರೆಗಳು ಬೆನ್ನು ಹತ್ತುತ್ತವೆ. ಸರ್ಕಾರ 2000ದ ನಂತರ ರೇಡಿಯೋ, ಟೆಲಿವಿಷನ್ ಮೂಲಕ ಪ್ರಚಾರ ಕೈಗೊಂಡಿತು. ನುವಾಕ್‌ಶಾಟ್‌ನ ಕ್ರೀಡಾಂಗಣದಲ್ಲಿ, ನಮ್ಮ ಸೀರೆಯನ್ನು ನೆನಪಿಸುವ ಉದ್ದನೆಯ ಮೆಲಹ್ಫ ಹೊದ್ದ ಹೆಂಗಸರು ಸಂಜೆ ಹೊತ್ತು ಬಿರುಸಿನಿಂದ ನಡೆಯತೊಡಗಿದರು. ಓದಿದ ಹುಡುಗಿಯರಲ್ಲಿ, ಪೇಟೆಯ ಯುವಕರಲ್ಲಿ ರುಚಿ ಬದಲಾಗುತ್ತ ಬಂದಿದೆ. ಆದರೂ 2008ರ ಸೈನಿಕ ಕ್ರಾಂತಿಯ ನಂತರ ಹಳ್ಳಿಗಾಡಿನಲ್ಲಿ ಪದ್ಧತಿ ಮತ್ತೆ ತಲೆಯೆತ್ತಿತೆಂದು ಅಲ್ಲಿನ ಮಹಿಳಾ ಕಾರ್ಯಕರ್ತರು ಎಚ್ಚರಿಸಿದ್ದರು.

ಮೆಚ್ಚುಗೆ ಬೇರೆ, ಬಲವಂತ ಬೇರೆ

ಹಾಗಾದರೆ ತೆಳುವಿನ ಕಡೆಗೆ ತಿರುಗಿದರೆ ಬಿಡುಗಡೆ ಸಿಕ್ಕೀತೇ? ಇದಕ್ಕೆ ಮತ್ತೆ ಫಿಜಿಯೇ ಉತ್ತರ ಹೇಳುತ್ತದೆ. ಅಲ್ಲಿನ ನಾದ್ರೋಗ ಪ್ರಾಂತಕ್ಕೆ 1995ರಲ್ಲಿ ಟೆಲಿವಿಷನ್ ಬಂತು. ಆಗ ಬೆಕರ್ ಮತ್ತು ಸಂಗಡಿಗರು ಶಾಲಾಬಾಲಕಿಯರನ್ನು ಪರೀಕ್ಷಿಸಿದಾಗ ಶೇಕಡಾ 12.7ರಷ್ಟು ಮಂದಿಯಲ್ಲಿ ಊಟದ ಬಗ್ಗೆ ವಿಪರೀತ ಮನೋಭಾವ ಕಂಡಿತ್ತು. ಮೂರು ವರ್ಷದ ಬಳಿಕ ಅದು ಶೇಕಡಾ 29.2ಕ್ಕೆ ಏರಿತ್ತು. ತೂಕ ಇಳಿಸಲು ತಾವಾಗಿ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ. 1998ರಲ್ಲಿ ಶೇಕಡಾ 11.3ರಷ್ಟು ಇದ್ದರು. ಪರೀಕ್ಷೆಗೆ ಒಳಗಾದವರ ಸಂಖ್ಯೆ ಚಿಕ್ಕದಾದರೂ ಗಾಳಿ ಬೀಸುವ ದಿಕ್ಕು ಸ್ಪಷ್ಟವಾಗಿತ್ತು. ಮರಳುಗಾಡಿನ ಹುಡುಗಿ ವಾಂತಿಯನ್ನು ತಡೆಹಿಡಿಯಬೇಕು, ಫಿಜಿಯ ಹುಡುಗಿ ಬರಿಸಿಕೊಳ್ಳಬೇಕು. ಅಳತೆಗೋಲು ತಲೆಕೆಳಗಾಯಿತು, ಹುಡುಗಿಯ ಸಂಕಟ ಇದ್ದಲ್ಲೇ ಇತ್ತು.

ತೆಳುಮೈಯ ಆರಾಧನೆ ಅತಿಯಾದ ಅಮೆರಿಕದಲ್ಲೇ ಅದಕ್ಕೆ ಪ್ರತಿಭಟನೆಯೂ ಹುಟ್ಟಿತು. ದಪ್ಪನೆಯ ತನ್ನ ಹೆಂಡತಿಗೆ ಸಮಾಜದಿಂದ ಆಗುತ್ತಿದ್ದ ಅವಮಾನ ಕಂಡು ಬೇಸತ್ತ ಬಿಲ್ ಫೇಬ್ರಿ ಎಂಬ ಎಂಜಿನಿಯರ್ 1969ರಲ್ಲಿ ದಪ್ಪನೆಯವರ ಹಕ್ಕುಗಳಿಗಾಗಿ ನಾಫಾ ಎಂಬ ಸಂಘವನ್ನು ಕಟ್ಟಿದರು. ದಪ್ಪ ಮೈಯನ್ನು ಮೆಚ್ಚುವವರು ಆ ಮೆಚ್ಚುಗೆಯನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಲು ಅಲ್ಲಿ ಜಾಗ ಸಿಕ್ಕಿತು. ತೂಕ ಇಳಿಸುವ ವ್ಯಾಪಾರವನ್ನು ಈ ಸಂಘ ಖಂಡಿಸುತ್ತ ಬಂದಿದೆ. ಹಾಗೆಯೇ, ಸಂಗಾತಿಯನ್ನು ತನ್ನ ಆಸೆಗಾಗಿ ಇನ್ನಷ್ಟು ದಪ್ಪಗಾಗಿಸಲು ಹೊರಡುವವರ ರೂಢಿಯನ್ನೂ ಅದು ವಿರೋಧಿಸಿದೆ. ಇದ್ದ ಮೈಯನ್ನು ಮೆಚ್ಚುವುದು ಬೇರೆ, ಮೆಚ್ಚುಗೆಗಾಗಿ ಮೈಯನ್ನು ತಿದ್ದುವುದು ಬೇರೆ ಎಂಬ ವಿವೇಕ ಈ ನಿಲುವಿನಲ್ಲಿದೆ.

ಮಾರಿಟೇನಿಯದ ಬಟ್ಟಲಿಗೂ ಇದೇ ವಿವೇಕ ಅನ್ವಯಿಸುತ್ತದೆ. ದಪ್ಪ ಹೆಣ್ಣನ್ನು ಚೆಲುವೆ ಎನ್ನುವ ಜನರಿಂದ ಉಳಿದ ಲೋಕ ಕಲಿಯುವುದು ಇದೆ. ಅವರು ಸಾವಿರಾರು ಹೆಂಗಸರಿಗೆ ತಮ್ಮ ಮೈಯ ಬಗ್ಗೆ ಹೆಮ್ಮೆ ಕೊಟ್ಟಿದ್ದಾರೆ. ತಪ್ಪಿರುವುದು ಆ ಮೆಚ್ಚುಗೆಯಲ್ಲಲ್ಲ, ಅದನ್ನು ಆರು ವರ್ಷದ ಮಗುವಿನ ಗಂಟಲಿಗೆ ಸುರಿಯುವುದರಲ್ಲಿ. ತಾಯಿ ಬಡಿಸುವ ಅನ್ನಕ್ಕೂ ಈ ಹಾಲಿಗೂ ಇರುವ ವ್ಯತ್ಯಾಸ ಸಣ್ಣದು, ಆದರೆ ದೊಡ್ಡದು. ಎಲೆಯ ಮುಂದೆ ಕುಳಿತವರು ಕೈ ಅಡ್ಡ ಹಿಡಿದು 'ಸಾಕು' ಎಂದರೆ ಬಡಿಸುವವರು ನಿಲ್ಲಿಸಬೇಕು. ಮರಳುಗಾಡಿನ ಆ ಹುಡುಗಿಯರ 'ಸಾಕು' ಎಂಬ ಮಾತನ್ನು ಬಹುಕಾಲ ಯಾರೂ ಕೇಳಿಸಿಕೊಂಡಿರಲಿಲ್ಲ.